ಮನೆ ನೋಡಲು ಬಂದವರು

ಪಿಯುಸಿ ಮುಗಿಸಿದ ವರ್ಷ ದೆಹಲಿ ಕಡೆಯ ಒಂದು ದೊಡ್ಡ ವಿಶ್ವವಿದ್ಯಾಲಯದಲ್ಲಿ ನನಗೆ ಸೀಟು ಸಿಕ್ಕಿತು. ನಮ್ಮೂರು ಹೊಳೆನರಸೀಪುರದಲ್ಲಿ ಅದರ ಪ್ರವೇಶ ಪರೀಕ್ಷೆ ಬರೆದವಳು ನಾನೊಬ್ಬಳೇ ಇರಬೇಕು. ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಫೀಸು ಎಷ್ಟೆಂದು ಕೇಳಿ ಅಪ್ಪ ನಕ್ಕುಬಿಟ್ಟರು. ಅವರು ಹಾಸನದ ಆಲೂಗಡ್ಡೆ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ಅಮ್ಮ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು.

ಸ್ಕಾಲರ್‌ಶಿಪ್‌ಗಾಗಿ ಹಾಸನದ ಕಚೇರಿ ಕಚೇರಿ ಸುತ್ತಿದೆ. "ಹೊರರಾಜ್ಯದ ಕಾಲೇಜಿಗೆ ನಮ್ಮಲ್ಲಿ ಬರಲ್ಲಮ್ಮ" ಎಂದರು ಒಬ್ಬರು. "ಆನ್‌ಲೈನ್‌ನಲ್ಲಿ ನೋಡಿ" ಎಂದು ಇನ್ನೊಬ್ಬರು ಸಾಗಹಾಕಿದರು. ನೋಡಿ ನೋಡಿ ಕಣ್ಣು ಉರಿದ ಮೇಲೆ ಕೊನೆಗೆ ಉಳಿದದ್ದು ಉತ್ತರ ಭಾರತದ ಒಂದು ಟ್ರಸ್ಟ್. ಫೀಸು, ಹಾಸ್ಟೆಲ್ಲು ಎಲ್ಲ ಅವರದೇ. ಅದು ಕೈತಪ್ಪಿದರೆ ಸೀಟೂ ಹೋದಂತೆಯೇ.

ನಿಮ್ಮ ಕಷ್ಟದ ಬಗ್ಗೆ ಬರೆಯಿರಿ ಎಂದು ಅರ್ಜಿಯಲ್ಲಿ ಕೇಳಿದ್ದರು. ಇದ್ದ ಕಷ್ಟ ಸಾಲದೇನೋ ಅನ್ನಿಸಿತು. ಎಷ್ಟೋ ರಾತ್ರಿ ಉಪವಾಸ ಮಲಗಿದ್ದೇವೆ ಎಂದು ಬರೆದೆ. ಆಗ ನಾನು ಬಲು ಜಾಣೆ ಎಂದು ತಿಳಿದಿದ್ದೆ. ಊರ ಮಕ್ಕಳಿಗೆಲ್ಲ ಬಡಿಸಿ ಬರುವ ನನ್ನಮ್ಮ ಒಂದು ದಿನವೂ ನನ್ನನ್ನು ಹಸಿದು ಮಲಗಲು ಬಿಟ್ಟವಳಲ್ಲ.

ಮನೆ ನೋಡಿಕೊಂಡು ಹೋಗಲು ಟ್ರಸ್ಟಿನವರೊಬ್ಬರು ಬರುತ್ತಾರೆಂದು ಫೋನು ಬಂತು. ದೂರದಿಂದ ಒಬ್ಬ ಮೇಡಂ ಬರುತ್ತಾರೆ ಎಂದಷ್ಟೇ ಅಮ್ಮನಿಗೆ ಹೇಳಿದೆ. ಉಪವಾಸದ ಸಂಗತಿಯನ್ನು ಯಾವ ಬಾಯಲ್ಲಿ ಹೇಳಲಿ? ಅವಳಿಗೆ ಅಷ್ಟೇ ಸಾಕಾಯಿತು. ಎದುರು ಮನೆಯಿಂದ ಎರಡು ಕುಶನ್ ಕುರ್ಚಿ, ಒಂದು ಟೇಬಲ್ ಫ್ಯಾನು, ಹೂವಿನ ಚಿತ್ರದ ಪಿಂಗಾಣಿ ತಟ್ಟೆಗಳು ಬಂದವು. ಅತ್ತೆಯ ಚಿನ್ನದ ಸರ ಅಮ್ಮನ ಕೊರಳಿಗೆ ಬಂತು. ನನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಿದ್ದಾರೆ ಎಂದೇ ಬೀದಿಯವರು ಅಂದುಕೊಂಡರು.

"ಇದೆಲ್ಲ ಯಾಕಮ್ಮ?" ಎಂದು ರೇಗಿದೆ.

"ಬಂದೋರ್ ಮುಂದೆ ಬರಿ ಮನೆ ತೋರ್ಸಕಾಯ್ತದೇನವ್ವ? ನಿನ್ ಮರ್ವಾದೆ ಏನಾಗ್ಬೇಕು?" ಎಂದಳು ಅಮ್ಮ.

ಮೇಡಂಗೆ ಕನ್ನಡ ಬರುತ್ತಿರಲಿಲ್ಲ, ಅಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಡುವೆ ನಾನು. ಅಮ್ಮ ಒತ್ತು ಶಾವಿಗೆ ಬಡಿಸಿ, ಮೇಲೆ ಕಾಯಿಹಾಲು ಸುರಿದು, ಸಾಕೆಂದರೂ ಬಿಡದೆ ಇನ್ನೊಂದು ಸಲ ಬಡಿಸಿದಳು. ಮೇಡಂ ತಿನ್ನುತ್ತಾ ಫ್ಯಾನು ನೋಡಿದರು, ತಟ್ಟೆ ನೋಡಿದರು, ಅಮ್ಮನ ಕೊರಳು ನೋಡಿದರು. ಕೈ ತೊಳೆದು ಬಂದು ಫೈಲು ತೆರೆದರು. ಎಷ್ಟೋ ರಾತ್ರಿ ಊಟವೇ ಇರುತ್ತಿರಲಿಲ್ಲ ಎಂದು ಬರೆದಿದ್ದೀಯಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಎದ್ದು ನಿಂತು ಒಂದೊಂದನ್ನೇ ಬೆರಳು ಮಾಡಿ ತೋರಿಸತೊಡಗಿದೆ. ಈ ಕುರ್ಚಿ ನಮ್ಮದಲ್ಲ. ಫ್ಯಾನು ಎದುರು ಮನೆಯದು. ತಟ್ಟೆಯೂ ಅವರದೇ. ಬೆರಳು ಕೊನೆಗೆ ಅಮ್ಮನ ಕೊರಳಿನತ್ತ ಹೋಗಿ ನಿಂತಿತು. ಅದೂ ನಮ್ಮದಲ್ಲ ಎಂದೆ. ಹೇಳಿದ್ದೆಲ್ಲ ನಿಜವೇ. ಆದರೆ ಬರೆದ ಸುಳ್ಳನ್ನು ಉಳಿಸಿಕೊಳ್ಳಲು ಹೇಳಿದ ನಿಜ.

ಅಮ್ಮನಿಗೆ ಮಾತು ತಿಳಿಯದಿದ್ದರೂ ಬೆರಳು ತಿಳಿಯಿತು. ಸೆರಗು ಎಳೆದು ಸರ ಮುಚ್ಚಿಕೊಂಡಳು. ಇವತ್ತು ನೆನೆಸಿಕೊಂಡರೂ ನಾಚಿಕೆಯಿಂದ ಕುಗ್ಗಿಹೋಗುತ್ತೇನೆ.

ತಾಯಿಯಾದವರು ಏನಾದರೂ ಹೇಳುವುದಿದೆಯೇ ಕೇಳು ಎಂದರು ಮೇಡಂ. ಕೇಳಿದೆ. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಮ್ಮ ನನ್ನ ಕಡೆ ತಿರುಗದೆ ಅವರನ್ನೇ ನೋಡುತ್ತಾ ಹೇಳಿದಳು:

"ಇದ್ನೆಲ್ಲ ಈಸ್ಕಂಡ್ ಬಂದೋಳು ನಾನು, ತಪ್ಪು ನಂದೇಯ. ನನ್ ಮಗ್ಳು ಸುಳ್ ಯೋಳಾಕಿಲ್ಲ ಅಂತ ಯೋಳವ್ವ ಅವ್ರಿಗೆ."

ಒಂದಕ್ಷರ ಬಿಡದೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮೇಡಂ ಬರೆದುಕೊಂಡರು. ಮುಂದಿನ ತಿಂಗಳು ಸ್ಕಾಲರ್‌ಶಿಪ್ ಬಂತು. ಅದು ಬಂದದ್ದು ಅಮ್ಮನ ಆ ಮಾತಿಗೆ ಎಂದೇ ನನ್ನ ನಂಬಿಕೆ. ನನ್ನ ಓದು ಮುಗಿಯಿತು, ಕೆಲಸವೂ ಸಿಕ್ಕಿತು. ಅರ್ಜಿಯಲ್ಲಿ ನಾನು ಏನು ಬರೆದಿದ್ದೆ ಎಂದು ಅಮ್ಮನಿಗೆ ಇನ್ನೂ ಹೇಳಿಲ್ಲ.