ಕೂತವರನ್ನು ನೋಡುತ್ತಿದ್ದ ಮೇಡಂ

ನಮ್ಮ ಸೆಲೆಕ್ಟರ್ ಮೇಡಂ ಅವರ ಬಲಗೆನ್ನೆ ಎಡಗೆನ್ನೆಗಿಂತ ಕಪ್ಪಗಿತ್ತು. ಖೋ-ಖೋ ಅಂಗಳದ ಉತ್ತರದ ಕಂಬದ ಹಿಂದೆ ಕಬ್ಬಿಣದ ಕುರ್ಚಿ ಹಾಕಿಸಿಕೊಂಡು ಕೂರುವುದು ಅವರ ರೂಢಿ. ಪಂದ್ಯಗಳು ನಡೆಯುತ್ತಿದ್ದುದು ಹೊತ್ತು ವಾಲಿದ ಮೇಲೆ. ಹಾಗಾಗಿ ವರ್ಷಗಟ್ಟಲೆ ಬಿಸಿಲು ಆ ಒಂದೇ ಕೆನ್ನೆಯನ್ನು ಸುಟ್ಟಿತ್ತು. ಶಾಮಿಯಾನದೊಳಗೆ ಊರ ಹಿರಿಯರು, ತಂಡದ ಮೇಷ್ಟ್ರುಗಳು, ಹುಡುಗಿಯರ ಅಪ್ಪಂದಿರು ಕೂತಿರುತ್ತಿದ್ದರು. ಕರೆದರೂ ಮೇಡಂ ಅತ್ತ ಹೋಗುತ್ತಿರಲಿಲ್ಲ. "ಅಲ್ಲಿ ನೆಳ್ಳಿನ ಸಂಗಟ ಮಾತೂ ಇರ್ತಾವ" ಅನ್ನುತ್ತಿದ್ದರು.

ಮಸ್ಕಿಯ ಒಂದು ಹೈಸ್ಕೂಲಿನಲ್ಲಿ ಅವರು ದೈಹಿಕ ಶಿಕ್ಷಕಿ. ಜಿಲ್ಲೆಯ ಜೂನಿಯರ್ ಹುಡುಗಿಯರ ತಂಡಕ್ಕೆ ಆಟಗಾರ್ತಿಯರನ್ನು ಆರಿಸುವ ಹೊಣೆಯೂ ಅವರದೇ. ಮದುವೆಯಾಗಿರಲಿಲ್ಲ. ಗುಡ್ಡದ ಬದಿಯ ಎರಡು ಕೋಣೆಯ ಬಾಡಿಗೆ ಮನೆ, ಗೋಡೆಯ ಮೇಲೊಂದು ಬುದ್ಧನ ಪಟ, ಬಾಗಿಲ ಹಿಂದೆ ಒಗೆದು ಒಣಹಾಕಿದ ಕ್ಯಾನ್ವಾಸ್ ಬೂಟು. ಆಡುವ ಹುಡುಗಿಯ ಮನೆಯಲ್ಲಿ ಅವರು ತೊಟ್ಟು ನೀರೂ ಮುಟ್ಟುವವರಲ್ಲ. "ಚಾ ಕುಡದ ಮನೀ ಹುಡುಗೀನ ಬಿಡಾಕ ಆಗಂಗಿಲ್ಲ" ಎಂಬುದು ಅವರ ಕಾರಣ. ಅವರ ಓಣಿಯಲ್ಲಿ ಮನೆಗೊಬ್ಬಳಂತೆ ಹುಡುಗಿಯರು ಖೋ-ಖೋ ಆಡುತ್ತಿದ್ದರು. ಹೀಗಾಗಿ ಸಂಜೆ ಹೊತ್ತು ಹೋಗಿ ಕೂರುವುದಕ್ಕೆ ಅವರಿಗೆ ಓಣಿಯಲ್ಲಿ ಒಂದು ಮನೆಯೂ ಇರಲಿಲ್ಲ.

ನಾನು ಅವರನ್ನು ಮೊದಲು ಕಂಡದ್ದು ಹದಿನಾರನೆಯ ವಯಸ್ಸಿನಲ್ಲಿ, ಸಿಂಧನೂರಿನ ಆಯ್ಕೆ ಪಂದ್ಯದಲ್ಲಿ. ಮುಕ್ಕುಂದದಿಂದ ಅಪ್ಪ ಗದ್ದೆ ಕೆಲಸ ಬಿಟ್ಟು ಕರೆದುಕೊಂಡು ಬಂದಿದ್ದ. ನನ್ನ ಬಲ ಮೊಣಕಾಲು ತಿಂಗಳಿಂದ ಬಾತಿತ್ತು. ಅದಕ್ಕೆ ಸುತ್ತಿದ್ದ ಬಟ್ಟೆಯನ್ನು ಬಸ್‌ಸ್ಟ್ಯಾಂಡಿನಲ್ಲೇ ಬಿಚ್ಚಿ ಚೀಲಕ್ಕೆ ತುರುಕಿದ್ದೆ. ಅಪ್ಪನಿಗೂ ಹೇಳಿರಲಿಲ್ಲ. ಅಂದು ನಾಲ್ವರನ್ನು ಔಟ್ ಮಾಡಿದೆ. ಜನ ನನ್ನ ಹೆಸರು ಹಿಡಿದು ಕೂಗಿದರು. ಸಂಜೆ ಪಟ್ಟಿ ಓದಿದಾಗ ಅದರಲ್ಲಿ ನಾನಿರಲಿಲ್ಲ.

ಅಪ್ಪ ಸೀದಾ ಆ ಕುರ್ಚಿಯ ಮುಂದೆ ಹೋಗಿ ನಿಂತ. "ನಾಕು ಮಂದೀನ ಔಟ್ ಮಾಡ್ಯಾಳಲ್ರೀ ನನ್ನ ಮಗಳು."

"ಮಾಡ್ಯಾಳ. ಅದನ್ನೂ ನೋಡೀನಿ" ಅಂದರು ಮೇಡಂ. "ಕುಂತಲ್ಲಿಂದ ಒಂಬತ್ತು ಸಲ ಎದ್ದಾಳ. ಒಂಬತ್ತೂ ಸಲ ಎಡಗಾಲ ಮ್ಯಾಲೆ. ಬಲಗಾಲು ಊರವಲ್ಲಳು. ಮೊದಲ ದವಾಖಾನಿಗೆ ತೋರಸ್ರಿ."

ಅಪ್ಪ ನನ್ನ ಕಡೆ ತಿರುಗಿದ. "ಕಾಲು ನೋಯ್ತೈತೇನಬೇ?"

"ಇಲ್ಲ" ಅಂದೆ.

ಮೇಡಂ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ತಾವು ಬರೆದುಕೊಳ್ಳುತ್ತಿದ್ದ ಪುಸ್ತಕ ಮುಚ್ಚಿ ಎದ್ದು ಹೋದರು. ಬಸ್ಸಿನಲ್ಲಿ ಅಪ್ಪ, "ಯಾರರ ದೊಡ್ಡವರು ಹೇಳಿರಬೇಕು ಆಕಿಗೆ, ಬಿಡು" ಅಂದ. ನಾನು ಚೀಲದಲ್ಲಿದ್ದ ಬಟ್ಟೆಯನ್ನು ಇನ್ನಷ್ಟು ಒಳಗೆ ತುರುಕಿದೆ.

ನಾಲ್ಕು ತಿಂಗಳಾಗಿರಲಿಲ್ಲ, ಗೊರೇಬಾಳದಲ್ಲಿ ಆಡುವಾಗ ಕಂಬ ಹಿಡಿದು ತಿರುಗಿದೆ. ಮೈ ತಿರುಗಿತು, ಮೊಣಕಾಲು ತಿರುಗಲಿಲ್ಲ. ರಾಯಚೂರಿನಲ್ಲಿ ಆಪರೇಷನ್ ಆಯಿತು. ಡಾಕ್ಟರು "ನೋಡೋಣ, ನೋಡೋಣ" ಅನ್ನುತ್ತಿದ್ದರೇ ಹೊರತು ಮುಂದೆ ಆಡಬಹುದೋ ಇಲ್ಲವೋ ಎಂದು ಬಾಯಿಬಿಟ್ಟು ಹೇಳಲಿಲ್ಲ. ಮನೆಗೆ ಬಂದು ಹೊರಸಿನ ಮೇಲೆ ಮಲಗಿದ್ದಾಗ ಒಂದು ಭಾನುವಾರ ಮೇಡಂ ಬಂದರು. ಅಪ್ಪ ಕಟ್ಟೆಯ ಮೇಲೇ ಕೂತಿದ್ದ. ಬರ್ರಿ ಅನ್ನಲಿಲ್ಲ. ಅವರು ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು, ಅವ್ವ ಹೊರಗೆ ಬಂದ ಮೇಲೆ ಒಳಗೆ ಬಂದರು. ನನ್ನ ಪಕ್ಕ ನೆಲದ ಮೇಲೆ ಕೂತು ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಮಡಚಿ ನೋಡಿದರು. ನಾನು ಹೇಳಿದ್ದ ಸುಳ್ಳಿನ ಮಾತು ಅವರ ಬಾಯಲ್ಲಿ ಬರಲಿಲ್ಲ. ಅಂದೂ ಬರಲಿಲ್ಲ, ಮುಂದೆಂದೂ ಬರಲಿಲ್ಲ.

ಅವ್ವ ಬಾಗಿಲಲ್ಲಿ ನಿಂತು ರೂಢಿಯಂತೆ ಕೇಳಿದಳು. "ಚಾ ಕುಡೀತೀರೇನ್ರಿ? ಆಡೋ ಹುಡುಗ್ಯಾರ ಮನ್ಯಾಗ ನೀವು ಕುಡಿಯಂಗಿಲ್ಲ ಅಂತಾರ..."

ಮೇಡಂ ನನ್ನ ಮೊಣಕಾಲನ್ನು ಮೆಲ್ಲಗೆ ಕೆಳಗಿಟ್ಟರು. ಆಮೇಲೆ, "ಕೊಡ್ರಿ" ಅಂದರು.

ನಾನು ಗೋಡೆಯ ಕಡೆ ಮಗ್ಗುಲಾದೆ. ಯಾರೂ ಹೇಳಲು ಒಲ್ಲದಿದ್ದುದನ್ನು ಅವರು ಹೇಳಿಯಾಗಿತ್ತು. ಚಹಾ ಕುಡಿದು, ಕಪ್ಪನ್ನು ತಾವೇ ಬಚ್ಚಲಿಗೆ ಒಯ್ದು ತೊಳೆದಿಟ್ಟು ಬಂದು, ನನ್ನ ಬೆನ್ನ ಮೇಲೆ ಕೈ ಇಟ್ಟರು. "ಅಳು. ಮುಂದಿನ ಐತಾರ ಬರ್ತೀನಿ, ಕಾಲಿಗೆ ಕೆಲಸ ಹಚ್ಚೂಣು."

ಒಂದು ವರ್ಷ ಹತ್ತಿರ ಹತ್ತಿರ ಎಲ್ಲ ಭಾನುವಾರವೂ ಬಂದರು. ಗೋಡೆಗೆ ಬೆನ್ನು ಹಚ್ಚಿ ಕೂರಿಸಿದರು, ಮೆಟ್ಟಿಲು ಹತ್ತಿಸಿದರು, ಬೈದರು. ಮೂರನೆಯ ತಿಂಗಳಿಂದ ಅಪ್ಪನೇ ಬೈಕು ತೆಗೆದುಕೊಂಡು ಬಸ್ ನಿಲ್ದಾಣಕ್ಕೆ ಹೋಗಿ ಅವರನ್ನು ಕರೆತರತೊಡಗಿದ. ಸಿಂಧನೂರಿನ ಆ ಸಂಜೆಯ ಬಗ್ಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ.

ನಾನು ಕುಂಟದೆ ನಡೆದೆ, ಓದಿದೆ, ಅವರಂತೆಯೇ ದೈಹಿಕ ಶಿಕ್ಷಕಿಯಾದೆ. ಆಯ್ಕೆಯ ದಿನಗಳಲ್ಲಿ ಅವರ ಕುರ್ಚಿಯ ಪಕ್ಕ ನನಗೂ ಒಂದು ಕುರ್ಚಿ ಬಿತ್ತು. ಮೊದಲ ದಿನ ಅಟ್ಟಿಸಿಕೊಂಡು ಓಡುವವಳನ್ನೇ ನೋಡುತ್ತಿದ್ದ ನನ್ನ ಗದ್ದ ಹಿಡಿದು ಸಾಲಿನ ಕಡೆ ತಿರುಗಿಸಿದರು. "ಓಡೋರನ್ನ ಎಲ್ಲಾರೂ ನೋಡ್ತಾರ. ನೀ ಕುಂತೋರನ್ನ ನೋಡು. ಖೋ ಅನ್ನೂಕಿಂತ ಮೊದಲ ಯಾರ ಹಿಮ್ಮಡ ಮ್ಯಾಲೆ ಎದ್ದೈತಿ, ಯಾರು ಮಂದೀನ ನೋಡಾಕತ್ತಾರ, ಯಾರು ಮನಿ ನೆನಸಾಕತ್ತಾರ, ಎಲ್ಲಾ ಅಲ್ಲೇ ಐತಿ." ಗುರುಗುಂಟಾದ ಕುರಿ ಕಾಯುವವರ ಮಗಳೊಬ್ಬಳನ್ನು ಅವರು ಹಾಗೆಯೇ ಗುರುತಿಸಿದ್ದರು. ಅವಳನ್ನು ಆರಿಸಿದ ಪಂದ್ಯದಲ್ಲಿ ಅವಳು ಒಬ್ಬರನ್ನೂ ಮುಟ್ಟಿರಲಿಲ್ಲ.

ಅದೇ ಹುಡುಗಿ ಮುಂದೆ ದೇಶದ ಜೂನಿಯರ್ ತಂಡಕ್ಕೆ ಹೋದಳು. ದೆಹಲಿಯಲ್ಲಿ ಬೇರೆ ಬೇರೆ ದೇಶಗಳ ಕಿರಿಯರ ಪಂದ್ಯಾವಳಿ. ನಮ್ಮನ್ನು ಯಾರೂ ಕರೆದಿರಲಿಲ್ಲ. ಮೇಡಂ ರಜೆ ಹಾಕಿ, ನನ್ನನ್ನೂ ಹೊರಡಿಸಿಕೊಂಡು ರೈಲು ಹತ್ತಿದರು. ಒಳಾಂಗಣದಲ್ಲಿ ಮಣ್ಣಿಲ್ಲ, ಮ್ಯಾಟು. ಮೇಲಿನ ಸಾಲಿನಲ್ಲಿ ಕೂತು ಮೂರು ದಿನ ಪುಸ್ತಕದ ತುಂಬ ಬರೆದರು. ನಮ್ಮವರನ್ನಷ್ಟೇ ಅಲ್ಲ, ಎಲ್ಲ ದೇಶದ ಮಕ್ಕಳನ್ನೂ. 'ನೇಪಾಳದ ಏಳನೇ ನಂಬರು: ಏಳುವುದು ಬಹಳ ಚೆಂದ, ಗೆಳತಿಯ ಕೂಗನ್ನು ಇನ್ನೂ ನಂಬುವುದಿಲ್ಲ.' 'ಇಂಗ್ಲೆಂಡಿನ ಕೆಂಪು ಕೂದಲಿನವಳು: ಸೋತದ್ದು ತಿಳಿದ ಮೇಲೂ ಹಿಮ್ಮಡಿ ಇಳಿಸಲಿಲ್ಲ. ಇವಳನ್ನು ಬಿಡಬಾರದು.'

"ಇದನ್ನ ಯಾರಿಗೆ ಕೊಡ್ತೀರಿ ಮೇಡಂ?" ಅಂದೆ.

"ಯಾರು ಕೇಳ್ಯಾರ? ನೋಡಿದ ಮ್ಯಾಲೆ ಬರೀಬೇಕು."

ಕೊನೆಯ ದಿನ ಆಟ ಮುಗಿದ ಮೇಲೆ ಆಟಗಾರ್ತಿಯರು ಹೊರಬರುವ ದಾರಿಯಲ್ಲಿ ನಿಂತೆವು. ಗುರುಗುಂಟಾದವಳು ಗೆಳತಿಯರ ನಡುವೆ ನಗುತ್ತ ಬಂದಳು, ನಮ್ಮನ್ನು ಕಂಡು ದೂರದಿಂದಲೇ ಕೈ ಎತ್ತಿದಳು, ಯಾರೋ ಕರೆದರೆಂದು ಬಸ್ಸು ಹತ್ತಿದಳು. ನನಗೆ ಸಿಟ್ಟು ಬಂತು. "ಹೋಗಲಿ" ಅಂದರು ಮೇಡಂ. "ಮೈ ಬಿಸಿ ಐತಿ. ನಿಂತ್ರ ಥಂಡಿ ಹಿಡೀತೈತಿ."

ಮರುದಿನ ರೈಲಿನ ಕಿಟಕಿಯಿಂದ ಹೊರಗೆ ನೋಡುತ್ತ, ನಾನು ಕೇಳದೆಯೇ ಹೇಳಿದರು. "ತಗೊಂಡೋರ ಹೆಸರು ಮರತು ಹೋಗ್ತಾವ. ಬಿಟ್ಟೋರದು ಒಂದೂ ಮರತಿಲ್ಲ ನೋಡು."

ನಿವೃತ್ತಿಯಾದ ಎರಡನೆಯ ಬೇಸಿಗೆಯಲ್ಲಿ ಅವರು ಹೃದಯ ನಿಂತು ತೀರಿಕೊಂಡರು. ಬೆಳಿಗ್ಗೆ ಹಾಲಿನವಳು ಬಾಗಿಲು ಬಡಿದಾಗ ಗೊತ್ತಾಯಿತು. ಮೊಬೈಲಿನ ಗುಂಪುಗಳಲ್ಲಿ ಅವರು ಆರಿಸಿದ್ದ ಹುಡುಗಿಯರೆಲ್ಲ ಅವರ ಫೋಟೊ ಹಾಕಿದರು. ಮಣ್ಣಿಗೆ ಬಂದವರು ಶಾಲೆಯ ಮೂವರು, ಮನೆಯ ಮಾಲಕಿ, ನಾನು, ನನ್ನ ಅಪ್ಪ. ಆಮೇಲೆ ಬೇಲಿಯ ಹತ್ತಿರ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ ಮುದುಕರೊಬ್ಬರು. ಎಲ್ಲ ಮುಗಿದ ಮೇಲೆ ಅವರು ನನ್ನ ಹತ್ತಿರ ಬಂದರು.

"ನಾ ಆಕಿ ಅಣ್ಣ, ಲಿಂಗಸುಗೂರಿನವ. ಹತ್ತು ವರ್ಷ ಆತು, ಆಕಿ ಕೂಡ ಮಾತು ಬಿಟ್ಟು. ನಮ್ಮೂರಾಗ ಆಯ್ಕೆ ಆದಾಗ ನನ್ನ ಮಗಳನ್ನ ಕೈ ಬಿಟ್ಟಳು. ನೀವು ಆಕಿ ಬಾಜೂಕ ಕುಂತಿದ್ರಿ, ನೋಡೀನಿ. ಖರೇ ಹೇಳ್ರಿ. ನನ್ನ ಮಗಳಿಗೆ ಆಡಾಕ ಬರ್ತಿರಲಿಲ್ಲೇನು?"

ಆ ದಿನ ನನಗೆ ಚೆನ್ನಾಗಿ ನೆನಪಿತ್ತು. ಉಳಿದಿದ್ದುದು ಒಂದೇ ಜಾಗ, ಹುಡುಗಿಯರು ಇಬ್ಬರು, ಕೂದಲಷ್ಟೂ ಹೆಚ್ಚು ಕಡಿಮೆ ಇರಲಿಲ್ಲ. ಮೇಡಂ ಬಹಳ ಹೊತ್ತು ನೋಡಿ ಒಂದು ಹೆಸರಿಗೆ ಗೆರೆ ಎಳೆದರು. ಅದು ಅಣ್ಣನ ಮಗಳ ಹೆಸರೆಂದು ಹೇಳಿದ್ದು ವಾಪಸ್ಸು ಬರುವಾಗ ಬಸ್ಸಿನಲ್ಲಿ. "ಸಮಾ ಇದ್ದಾಗ ನಮ್ಮ ಮನೀದನ್ನ ಬಿಡಬೇಕು." ಹಾಗಾದರೆ ಅಷ್ಟನ್ನಾದರೂ ಮನೆಗೆ ಹೋಗಿ ಹೇಳಿ ಬನ್ನಿ ಅಂದಿದ್ದೆ. "ಆಯ್ಕೆ ಮಾಡೋರು ಸಮಾಧಾನ ಹೇಳಾಕ ಹೋಗಬಾರದು" ಅಂದು ಕಿಟಕಿಯ ಕಡೆ ತಿರುಗಿದ್ದರು.

"ಆಡ್ತಿದ್ದಳ್ರೀ" ಅಂದೆ. "ಆ ಇನ್ನೊಬ್ಬಾಕಿಯಷ್ಟ ಚಲೋ ಆಡ್ತಿದ್ದಳು. ಮೇಡಂಗೂ ಗೊತ್ತಿತ್ತು."

ಅವರು ಹಸಿ ಮಣ್ಣಿನ ಕಡೆ ನೋಡುತ್ತ ನಿಂತರು. "ಅಷ್ಟ ಹೇಳಿದ್ರ ಸಾಕಿತ್ತಲ್ರೀ" ಅಂದರು.

ಮಸ್ಕಿಯಿಂದ ಲಿಂಗಸುಗೂರಿಗೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಆ ಹತ್ತು ವರ್ಷಗಳಲ್ಲಿ ನಾನಾದರೂ ಹೋಗಿ ಹೇಳಬಹುದಿತ್ತು.