ಬಾಣಲೆ ಏರದ ಬೆಳಗು

ಬೆಳಗಿನ ಜಾವ ನಾಲ್ಕು ಗಂಟೆ. ಯಾಕುತತ್ ಎಂಬ ಕಡಲತೀರದ ಊರು ಬಿಟ್ಟು ಹಿಮನದಿಯ ಕಡೆ ಹೊರಟ ಪುಟ್ಟ ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ಬರ್ನಿಸ್ ಪೀಟ್ ಮೊದಲು ಮಾಡುವ ಕೆಲಸ ಬಾಣಲೆಗಳನ್ನೆಲ್ಲ ಒರೆಸಿ ಒಳಗಿಡುವುದು. ಇವತ್ತು ಒಲೆಯ ಮೇಲಿರುವುದು ಸಾಲ್ಮನ್ ಮೀನಿನ ಸಾರು, ಓಟ್ಸ್ ಗಂಜಿ, ಎಂಬತ್ತು ಬೇಯಿಸಿದ ಮೊಟ್ಟೆ. ಹುರಿದದ್ದು, ಕರಿದದ್ದು ಒಂದೂ ಇಲ್ಲ.

ನಲವತ್ತು ಪ್ರಯಾಣಿಕರಿಗೆ ಮೂರು ಹೊತ್ತು ಬೇಯಿಸಿ ಹಾಕುವ ಈ ಅರವತ್ಮೂರರ ಹೆಂಗಸಿಗೆ ಹಡಗಿನಲ್ಲಿ ಇದು ಹನ್ನೊಂದನೆಯ ಬೇಸಿಗೆ. ಊರಿನ ಮೀನು ಕಾರ್ಖಾನೆ ಮುಚ್ಚಿದ ಮೇಲೆ ಹಡಗು ಹತ್ತಿದವರು. ಸಿಬ್ಬಂದಿಗೆಲ್ಲ, ಕ್ಯಾಪ್ಟನ್ ಆರ್ನೆಗೂ, ಇವರು 'ಅತ್ತೆ'. ತಿಮಿಂಗಿಲ ಎದ್ದಿತೆಂದು ಜನ ಮೇಲೆ ಓಡಿದರೆ ಅತ್ತೆ ಕೆಳಗೆ ತಟ್ಟೆ ತೊಳೆಯುತ್ತಿರುತ್ತಾರೆ. "ಅದು ಉಸಿರು ಬಿಟ್ಟರೆ ಕಿಟಕೀಲಿ ನಾತ ಬರುತ್ತೆ. ನಮ್ಮದು ಬರೀ ಮೂಗಿನ ಪರಿಚಯ," ಎಂದು ನಗುತ್ತಾರೆ.

ಹಿಮನದಿಯ ಹತ್ತಿರ ಏನನ್ನೂ ಹುರಿಯಬಾರದು, ಕೊಬ್ಬಿನ ಹೊಗೆ ಅದಕ್ಕೆ ಆಗಿಬರುವುದಿಲ್ಲ ಎಂಬುದು ಅತ್ತೆಗೆ ಅವರ ಅಜ್ಜಿ ಕಲಿಸಿದ ಪಾಠ. ಪ್ರಯಾಣಿಕರಿಗೆ ಇದೆಲ್ಲ ಎಲ್ಲಿ ಗೊತ್ತು? ಗಂಜಿ ನೋಡಿ ಮುಖ ಸಿಂಡರಿಸಿದರು, ದೂರು ಬರೆದರು. ಹಂದಿಮಾಂಸ ಹುರಿಯಲೇಬೇಕು, ಇಲ್ಲವಾದರೆ ಬೇರೆ ಅಡುಗೆಯವರು ಬರುತ್ತಾರೆ ಎಂದು ಈ ಜೂನ್‌ನಲ್ಲಿ ಹಡಗು ಕಂಪನಿಯ ಕಚೇರಿಯಿಂದ ಅಪ್ಪಣೆಯಾಯಿತು. ಹೊಟ್ಟೆಪಾಡು ಅಂದರೆ ಸುಮ್ಮನೆಯೇ? ಆದರೂ ಅತ್ತೆ ಏಪ್ರನ್ ಬಿಚ್ಚಿ ಕ್ಯಾಪ್ಟನ್ ಕೈಗಿಟ್ಟರು.

ಆರ್ನೆ ಅದನ್ನು ವಾಪಸ್ ಕೊಟ್ಟು, ಕಾರಣ ಉಣ್ಣುವವರಿಗೇ ಹೇಳಿ, ಬನ್ನಿ ಎಂದು ಊಟದ ಕೋಣೆಗೆ ಕರೆದೊಯ್ದ. ಅಷ್ಟು ಜನರ ಮುಂದೆ ಅತ್ತೆ ನಿಂತದ್ದು ಅದೇ ಮೊದಲು.

"ನಮ್ಮಜ್ಜಿ ಇಲ್ಲೇ ಸೀಲ್ ಬೇಟೆಗೆ ಬಿಡಾರ ಹಾಕ್ತಿದ್ಲು. ಆ ಹಿಮ ನಮಗೆ ಹಿರೀಕರು ಇದ್ದಂಗೆ. ದೊಡ್ಡೋರ ಮನೆಗೆ ಹೋಗೋವಾಗ ಅವರಿಗೆ ಆಗದಿರೋ ವಾಸನೆ ಹೊತ್ಕೊಂಡು ಹೋಗ್ತೀರಾ? ಒಂದು ಹೊತ್ತು ತಡ್ಕೊಳ್ಳಿ. ಹಿಮ ಮರೆಯಾಗಲಿ, ಸಾಕು ಅನ್ನೋವರೆಗೂ ಹುರಿದು ಹಾಕ್ತೀನಿ."

ಎಲ್ಲರಿಗಿಂತ ಹೆಚ್ಚು ಗೊಣಗಿದ್ದ ಮುದುಕನೊಬ್ಬ ಬಟ್ಟಲು ಚಾಚಿ ಇನ್ನೊಂದು ಸೌಟು ಸಾರು ಕೇಳಿದ. ನಲವತ್ತೂ ಜನ ಸಹಿ ಹಾಕಿದ ಕಾಗದ ಕಚೇರಿಗೆ ಹೋಯಿತು. ವಾರದೊಳಗೆ ಅಪ್ಪಣೆ ರದ್ದಾಯಿತು. ಆ ಜನರನ್ನು ನೆನೆದರೆ ಅತ್ತೆಗೆ ಈಗಲೂ ಕಣ್ಣು ತುಂಬಿ ಬರುತ್ತದೆ.

ಅವತ್ತಿನಿಂದ ಕ್ಯಾಪ್ಟನ್ನನದೂ ಒಂದು ಅಪ್ಪಣೆಯಿದೆ. ಹಿಮದ ಮುಂದೆ ಹಡಗು ನಿಂತಷ್ಟು ಹೊತ್ತು ಎಂಜಲು ತಟ್ಟೆಗಳು ಹಾಗೇ ಕಾಯಬೇಕು. ಅತ್ತೆ ಒದ್ದೆ ಕೈ ಒರೆಸಿಕೊಂಡು ಮೇಲೆ ಬರುತ್ತಾರೆ, ಕಂಬಿ ಹಿಡಿದು ತಮ್ಮ ಭಾಷೆಯಲ್ಲಿ "ಗುನಲ್ಚೀಶ್" ಎಂದು ಹಿಮಕ್ಕೆ ಧನ್ಯವಾದ ಹೇಳುತ್ತಾರೆ.

"ಇಷ್ಟು ವರ್ಷ ಅಜ್ಜಿ ಮನೆ ಬಾಗಿಲ ತನಕ ಬಂದು, ಮುಖ ನೋಡದೇ ಹೋಗ್ತಿದ್ದೆ," ಎನ್ನುತ್ತಾರೆ. "ಈಗ ಬಂದಿದೀನಿ ಅಂತ ನಾನೇ ಹೇಳ್ತೀನಿ."