ಸಾಲು ಮುರಿಯುವ ಗುಣಾಕಾರ

ಕುರ್ಚಿ ಬಾಡಿಗೆಗೆ ಕೊಡುವ ಯಜಮಾನರಿಗೆ ಗುಣಾಕಾರದ ಮೇಲೆ ಮೊದಲಿನಿಂದಲೂ ಗುಮಾನಿ. ವೇದಿಕೆಗೆ ಎರಡು ಕುರ್ಚಿ, ಕೆಳಗೆ ಮೂರು ಸಾಲು, ಸಾಲಿಗೆ ನಾಲ್ಕು ಎಂದು ಗಿರಾಕಿ ಹೇಳಿದರೆ, ಇವರು ಎರಡಕ್ಕೆ ಮೂರು ಕೂಡಿಸಿ, ಬಂದ ಐದನ್ನು ನಾಲ್ಕರಿಂದ ಗುಣಿಸಿ, ಇಪ್ಪತ್ತು ಎಂದು ಮನಸ್ಸಿನಲ್ಲಿ ಮೊಳೆ ಹೊಡೆದುಕೊಳ್ಳುತ್ತಾರೆ. ಗಾಡಿಗೆ ಹೇರುವವನು ಹದಿನಾಲ್ಕೇ ಹೇರುತ್ತಾನೆ, ಮರುದಿನ ಹದಿನಾಲ್ಕೇ ವಾಪಸು ಬರುತ್ತವೆ. ಉಳಿದ ಆರನ್ನು ನುಂಗಿದವರು ಯಾರೆಂದು ಯಜಮಾನರು ಗಾಡಿಯ ಅಡಿಗೆ ಬಗ್ಗಿ ನೋಡುತ್ತಾರೆ. ಯಾರಾದರೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೇನೋ ಎಂದು ಕಾಯುತ್ತಾರೆ. ಮಗಳ ಮೊಬೈಲು ಹದಿನಾಲ್ಕು ಎಂದರೆ ಅದೂ ಕಳ್ಳರ ಜೊತೆ ಶಾಮೀಲು. ಮೇಜಿನ ಹಳೇ ಕ್ಯಾಲ್ಕುಲೇಟರು ಇಪ್ಪತ್ತು ತೋರಿಸುವುದರಿಂದ ಮನೆಯಲ್ಲಿ ಅದೊಂದೇ ನಿಯತ್ತಿನದು. "ಅಪ್ಪಾ, ಕೂಡೋದು ಮೊದಲು ಬಂದಿದ್ರೂ ಗುಣಿಸೋದನ್ನೇ ಮೊದಲು ಮಾಡ್ಬೇಕು" ಎನ್ನುತ್ತಾಳೆ ಮಗಳು. "ಯಾಕಮ್ಮಾ, ಅದಕ್ಕೆ ಒಳಗಡೆ ಯಾರದಾದ್ರೂ ಪರಿಚಯ ಇದೆಯಾ?" ಎಂದು ಅವರು ಕಣ್ಣು ಕಿರಿದು ಮಾಡುತ್ತಾರೆ. "ಮುಂದೆ ನಿಂತೋರನ್ನ ಬಿಟ್ಟು ಹಿಂದಿನೋರನ್ನ ಕರೀರಿ ಅಂತ ಹೇಳಿದ್ದು ಯಾರು?" ಕೇಳಿದವರೆಲ್ಲ ನಗುತ್ತಾರೆ, ಮಗಳು ಮಾತ್ರ ನಗುವುದಿಲ್ಲ. ಅವಳು ಕೈಗೂಸಾಗಿದ್ದಾಗ ಕೆಂಡದಂಥ ಜ್ವರ ಬಂದು, ಅಪ್ಪ ಅವಳನ್ನು ಎತ್ತಿಕೊಂಡು ಆಸ್ಪತ್ರೆಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದರಂತೆ. ಹಿಂದಿದ್ದವರು ಒಬ್ಬೊಬ್ಬರಾಗಿ ಪಕ್ಕದ ಬಾಗಿಲಿನಿಂದ ಒಳಗೆ ಹೋಗಿಬಂದರಂತೆ. ಇವತ್ತಿಗೂ ಆರು ಕುರ್ಚಿಯ ಜಗಳ ತೆಗೆಯಬೇಕಾದರೆ ಅಪ್ಪ ಮೊದಲು ಎದ್ದು ಅವಳ ಬಲಗಡೆಗೆ ಬಂದು ಕೂರುತ್ತಾರೆ. ಎಡಗಿವಿ ಆ ಜ್ವರದಲ್ಲೇ ಹೋಯಿತು.